ಹೊಸ ಚಿಪ್, ಹಳೇ ವೇಗ: ಟೊಮೆಟೊ ಮಂಡಿಯ ಲ್ಯಾಪ್‌ಟಾಪಿನಿಂದ ಒಂದು ಲೆಕ್ಕ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ಗೆಳೆಯರೊಬ್ಬರು ಸೀಸನ್ ಶುರುವಾಗುವ ಮುಂಚೆ ಲ್ಯಾಪ್‌ಟಾಪ್ ಬದಲಾಯಿಸಿದರು. ಹಳೆಯದು 2019ರಲ್ಲಿ ಕೊಂಡದ್ದು, ಇಂಟೆಲ್‌ನ ಎಂಟನೇ ತಲೆಮಾರಿನ ಐ5. ಹೊಸದು ಹದಿಮೂರನೇ ತಲೆಮಾರಿನದು. ಎಂಟು ದಿನ ಕಳೆದ ಮೇಲೆ ಫೋನ್ ಬಂತು. "ಅಲ್ಲ ಸ್ವಾಮಿ, ಐದು ತಲೆಮಾರು ದಾಟಿಸಿ ತಂದಿದ್ದೀನಿ. ಬಿಲ್ ಬರೋದು ಮಾತ್ರ ಮೊದಲು ಎಷ್ಟು ಹೊತ್ತೋ ಈಗ್ಲೂ ಅಷ್ಟೇ ಹೊತ್ತು. ನನಗೆ ಟೋಪಿ ಹಾಕಿದ್ರಾ?"

ಟೋಪಿ ಯಾರೂ ಹಾಕಿರಲಿಲ್ಲ. ಬಿಲ್ ಯಾಕೆ ತಡವಾಗುತ್ತಿತ್ತು ಎನ್ನುವುದನ್ನು ಕೊನೆಗೆ ಹೇಳುತ್ತೇನೆ, ಅದು ಸ್ವಲ್ಪ ನಾಚಿಕೆಯ ಕಥೆ. ಆದರೆ ಅವರ ಪ್ರಶ್ನೆಯಲ್ಲಿ ಅವರಿಗೇ ಗೊತ್ತಿಲ್ಲದ ಒಂದು ದೊಡ್ಡ ವಿಷಯ ಅಡಗಿತ್ತು. ಆ ಐದು ತಲೆಮಾರುಗಳನ್ನು ಬಿಚ್ಚಿ ನೋಡಿದರೆ, 2019ರ ಲ್ಯಾಪ್‌ಟಾಪುಗಳಲ್ಲಿ ಎಲ್ಲೆಲ್ಲೂ ಇದ್ದ ಐ5-8265ಯು ಎಂಬ ಚಿಪ್‌ನ ಗರಿಷ್ಠ ಗಡಿಯಾರ ವೇಗ 3.9 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 390 ಕೋಟಿ ಮಿಡಿತ. 2023ರ ಐ5-1335ಯು ಚಿಪ್‌ನದು 4.6. ಹೆಚ್ಚಿದ್ದು ಶೇ 18. ಒಂದೊಂದು ಮಿಡಿತದಲ್ಲಿ ಚಿಪ್ ಮಾಡುವ ಕೆಲಸವೂ ಹೆಚ್ಚಿದೆ. ಎರಡನ್ನೂ ಕೂಡಿಸಿದರೆ, ಒಂದೇ ಕೆಲಸವನ್ನು ಒಂಟಿಯಾಗಿ ಮಾಡಿ ಮುಗಿಸುವುದರಲ್ಲಿ ಹೊಸದು ಸುಮಾರು ಒಂದೂವರೆ ಪಟ್ಟು ಮುಂದಿದೆ ಎನ್ನಬಹುದು. ಕಡಿಮೆಯೇನಲ್ಲ. ಆದರೆ ಇಷ್ಟೇ ವರ್ಷಗಳಲ್ಲಿ ಒಂದು ಕಾಲದಲ್ಲಿ ಐದು ಪಟ್ಟು ಸಿಗುತ್ತಿತ್ತು.

ಐದು ಪಟ್ಟು ಎನ್ನುವುದು ಉತ್ಪ್ರೇಕ್ಷೆಯಲ್ಲ. ಚಿಪ್ ವಿನ್ಯಾಸಕ್ಕಾಗಿ 2017ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಜಾನ್ ಹೆನ್ನೆಸ್ಸಿ ಮತ್ತು ಡೇವಿಡ್ ಪ್ಯಾಟರ್ಸನ್ ದಶಕಗಳ ಅಂಕಿ ಅಂಶ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. 1986ರಿಂದ 2003ರವರೆಗೆ ಪ್ರೊಸೆಸರ್‌ನ ವೇಗ ವರ್ಷಕ್ಕೆ ಶೇ 52ರಂತೆ ಏರಿತು. ಆಮೇಲೆ 2011ರವರೆಗೆ ಶೇ 23. ಮುಂದಿನ ನಾಲ್ಕು ವರ್ಷ ಶೇ 12. 2015ರ ನಂತರ ಅವರು ಕಂಡದ್ದು ಶೇ 3.5. ಬಡ್ಡಿ ಲೆಕ್ಕ ಬಲ್ಲವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಶೇ 52ರಲ್ಲಿ ವೇಗ ದುಪ್ಪಟ್ಟಾಗಲು 20 ತಿಂಗಳು ಸಾಕು, ಶೇ 3.5ರಲ್ಲಿ 20 ವರ್ಷ ಬೇಕು. ಆಮೇಲೆ ಎಎಂಡಿ ಮತ್ತು ಆಪಲ್ ಕಂಪನಿಗಳು ಇಂಟೆಲ್ ಜೊತೆ ಪೈಪೋಟಿಗೆ ಇಳಿದದ್ದರಿಂದ ಪರಿಸ್ಥಿತಿ ಕೊಂಚ ಸುಧಾರಿಸಿತು. ಆದರೂ ಹಳೇ ಕಾಲ ಮರಳಿ ಬರಲಿಲ್ಲ.

ಈ ಮಾತು ಬಂದಾಗಲೆಲ್ಲ ಜನ "ಮೂರ್ ನಿಯಮ ಸತ್ತಿತು" ಎನ್ನುತ್ತಾರೆ. ನನ್ನ ಪ್ರಕಾರ ತಪ್ಪು ಹೆಣದ ಮುಂದೆ ಅಳುತ್ತಿದ್ದಾರೆ. ಮುಂದೆ ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ಗೋರ್ಡನ್ ಮೂರ್ 1965ರಲ್ಲಿ ಬರೆದದ್ದು ವೇಗದ ಬಗ್ಗೆ ಅಲ್ಲ, ಎಣಿಕೆಯ ಬಗ್ಗೆ. ಒಂದು ಚಿಪ್‌ನಲ್ಲಿ ಕೂರಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷವರ್ಷ ದುಪ್ಪಟ್ಟಾಗುತ್ತದೆ ಎಂದರು, 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಎಣಿಕೆ ನಿಧಾನವಾದರೂ ಇನ್ನೂ ಏರುತ್ತಲೇ ಇದೆ. 1971ರ ಇಂಟೆಲ್ 4004 ಚಿಪ್‌ನಲ್ಲಿ 2,300 ಟ್ರಾನ್ಸಿಸ್ಟರ್, ಅಂದರೆ ಪುಟ್ಟ ಸ್ವಿಚ್ಚುಗಳು, ಇದ್ದವು. 2023ರಲ್ಲಿ ಬಂದ ಐಫೋನಿನ ಎ17 ಪ್ರೊ ಚಿಪ್‌ನಲ್ಲಿ 1,900 ಕೋಟಿ.

ನಿಜವಾಗಿ ಸತ್ತದ್ದು ಇನ್ನೊಂದು ನಿಯಮ. ಅದರ ಹೆಸರು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಐಬಿಎಂನಲ್ಲಿದ್ದ ರಾಬರ್ಟ್ ಡೆನಾರ್ಡ್ 1974ರಲ್ಲಿ ಸಂಗಡಿಗರೊಂದಿಗೆ ಅದನ್ನು ವಿವರಿಸಿದರು. ಕಂಪ್ಯೂಟರಿನ ಡಿ‌ರ್‍ಯಾಮ್ ನೆನಪನ್ನು ಕಂಡುಹಿಡಿದವರೂ ಅವರೇ.

ಟ್ರಾನ್ಸಿಸ್ಟರ್ ಎಂದರೆ ಒಂದು ನಲ್ಲಿ ಎಂದುಕೊಳ್ಳಿ. ತೆರೆದರೆ 1, ಮುಚ್ಚಿದರೆ 0. ಪ್ರತಿ ಸಲ ತೆರೆದು ಮುಚ್ಚುವಾಗ ಒಂದು ಪುಟ್ಟ ಬಿಂದಿಗೆ ತುಂಬಿಸಿ ಚೆಲ್ಲಬೇಕು, ಅದೇ ಅದು ತಿನ್ನುವ ಕರೆಂಟು. ಖರ್ಚು ಮೂರು ಸಂಗತಿಯ ಮೇಲೆ ನಿಂತಿದೆ: ಬಿಂದಿಗೆ ಎಷ್ಟು ದೊಡ್ಡದು, ನೀರನ್ನು ಎಷ್ಟು ಎತ್ತರಕ್ಕೆ ಎತ್ತುತ್ತೀರಿ, ಸೆಕೆಂಡಿಗೆ ಎಷ್ಟು ಸಲ. ಎತ್ತರ ಎಂದರೆ ವೋಲ್ಟೇಜ್, ಅದರ ಪೆಟ್ಟು ಎರಡು ಸಲ ಬೀಳುತ್ತದೆ, ಗಣಿತದಲ್ಲಿ ವರ್ಗ. ವೋಲ್ಟೇಜ್ ಅರ್ಧ ಮಾಡಿದರೆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ.

ಡೆನಾರ್ಡ್ ತೋರಿಸಿಕೊಟ್ಟದ್ದು ಇಷ್ಟು. ನಲ್ಲಿಯ ಉದ್ದ, ಅಗಲ, ವೋಲ್ಟೇಜ್ ಎಲ್ಲವನ್ನೂ ಒಟ್ಟಿಗೆ 0.7ಕ್ಕೆ ಇಳಿಸಿ. ಉದ್ದ ಅಗಲ ಗುಣಿಸಿದರೆ ಜಾಗ ಅರ್ಧ, ಹಾಗಾಗಿ ಅದೇ ಚಿಪ್‌ನಲ್ಲಿ ಎರಡರಷ್ಟು ನಲ್ಲಿ ಕೂರುತ್ತವೆ. ಪುಟ್ಟ ನಲ್ಲಿ ಬೇಗ ತಿರುಗುತ್ತದೆ, ವೇಗ ಶೇ 40 ಹೆಚ್ಚು. ಇಷ್ಟಾದರೂ ಒಂದೊಂದರ ಕರೆಂಟು ಅರ್ಧಕ್ಕೆ ಇಳಿಯುವುದರಿಂದ ಒಟ್ಟು ಶಾಖ ಮೊದಲಿನಷ್ಟೇ. ಜಾಗ ಅಷ್ಟೇ, ಬಿಸಿ ಅಷ್ಟೇ, ಸಾಮಾನು ಎರಡರಷ್ಟು, ಓಟ ಹೆಚ್ಚು! ವ್ಯಾಪಾರದಲ್ಲಿ ಇಂಥ ಡೀಲು ಯಾರಾದರೂ ಕೊಟ್ಟರೆ ನಾವು ಅನುಮಾನ ಪಡುತ್ತೇವೆ. ಚಿಪ್ ಉದ್ಯಮ ಮೂವತ್ತು ವರ್ಷ ಇದನ್ನೇ ಉಂಡಿತು. 1993ರ ಪೆಂಟಿಯಂ 60 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು, 2000ದ ಮಾರ್ಚ್‌ನಲ್ಲಿ 1 ಗಿಗಾಹರ್ಟ್ಸ್ ಗಡಿ ದಾಟಿಯಾಗಿತ್ತು, 2004ಕ್ಕೆ ಪೆಂಟಿಯಂ 4 ಬಂದು 3.8ಕ್ಕೆ ನಿಂತಿತು. ಆ ಕಾಲದಲ್ಲಿ ಪ್ರೋಗ್ರಾಂ ಬರೆಯುವವರು ಅದು ನಿಧಾನ ಎಂದರೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಎರಡು ವರ್ಷ ಸುಮ್ಮನಿದ್ದರೆ ಚಿಪ್ಪೇ ಅದನ್ನು ಸರಿ ಮಾಡುತ್ತಿತ್ತು.

3.8ಕ್ಕೆ ಬಂದು ನಿಂತದ್ದು ಅಕ್ಷರಶಃ ನಿಂತದ್ದೇ. 2004ರಲ್ಲಿ ಇಂಟೆಲ್ ತೇಜಸ್ ಎಂಬ ಮುಂದಿನ ಚಿಪ್‌ನ ಯೋಜನೆಯನ್ನೇ ಕೈಬಿಟ್ಟಿತು, ಅದೇ ವರ್ಷ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವುದಿಲ್ಲ ಎಂದೂ ಹೇಳಿತು.

ಯಾಕೆ? ನಲ್ಲಿ ಸೋರಲು ಶುರುವಾಯಿತು. ವೋಲ್ಟೇಜ್ ಇಳಿಸಬೇಕಾದರೆ ನಲ್ಲಿ ಕಡಿಮೆ ಒತ್ತಡಕ್ಕೇ ತೆರೆದುಕೊಳ್ಳುವಂತೆ ಸಡಿಲ ಮಾಡಬೇಕು. ಸಡಿಲ ಮಾಡಿದ ನಲ್ಲಿ ಮುಚ್ಚಿದಾಗಲೂ ತೊಟ್ಟಿಕ್ಕುತ್ತದೆ. ಆ ಸಡಿಲಿಕೆ 0.1 ವೋಲ್ಟ್‌ನಷ್ಟಾದರೂ ಸೋರಿಕೆ ಹತ್ತು ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಇದು ಎಂಜಿನಿಯರುಗಳ ಸೋಮಾರಿತನವಲ್ಲ, ಬಿಸಿಯಿಂದ ಎಲೆಕ್ಟ್ರಾನುಗಳು ಹೇಗೆ ಜಿಗಿಯುತ್ತವೆ ಎನ್ನುವ ಪ್ರಕೃತಿಯ ಲೆಕ್ಕ. ಮನೆಯಲ್ಲಿ ಒಂದು ನಲ್ಲಿ ತೊಟ್ಟಿಕ್ಕಿದರೆ ಕೆಳಗೆ ಬಕೆಟ್ ಇಟ್ಟು ಮಲಗಬಹುದು. ಹತ್ತು ಕೋಟಿ ನಲ್ಲಿ ತೊಟ್ಟಿಕ್ಕಿದರೆ ಕೆರೆ ತುಂಬುತ್ತದೆ. 1980ರ ದಶಕದಲ್ಲಿ 5 ವೋಲ್ಟ್ ಇದ್ದದ್ದು ಇಳಿಯುತ್ತ ಇಳಿಯುತ್ತ 1 ವೋಲ್ಟಿನ ಸುತ್ತಮುತ್ತ ಬಂದು ಕೂತಿತು. ಇಪ್ಪತ್ತು ವರ್ಷ ಕಳೆದರೂ ಅದು ಅಲ್ಲೇ ಸುತ್ತಾಡುತ್ತಿದೆ.

ವೋಲ್ಟೇಜ್ ಇಳಿಯದೆ ಟ್ರಾನ್ಸಿಸ್ಟರ್ ಮಾತ್ರ ಕಿರಿದಾದರೆ ಬಿಸಿ ಒಂದೇ ಕಡೆ ಒಟ್ಟಾಗುತ್ತದೆ. 2004ರ ಆ ಪೆಂಟಿಯಂ 4 ಚಿಪ್‌ಗಳು ಸುಮಾರು 1.1 ಚದರ ಸೆಂಟಿಮೀಟರ್ ಜಾಗದಲ್ಲಿ 115 ವಾಟ್ ಕಾರುತ್ತಿದ್ದವು. 18 ಸೆಂಟಿಮೀಟರ್ ಅಗಲದ, 1,000 ವಾಟಿನ ಕರೆಂಟ್ ಒಲೆಯ ತಟ್ಟೆ ಚದರ ಸೆಂಟಿಮೀಟರಿಗೆ 4 ವಾಟ್ ಕೊಡುತ್ತದೆ, ಅದರ ಮೇಲೆ ಮುಳಬಾಗಿಲು ದೋಸೆ ಹುಯ್ಯಬಹುದು. ಚಿಪ್‌ನದು ಅದರ ಇಪ್ಪತ್ತೈದು ಪಟ್ಟು.

ಬಿಸಿಯೇ ಗಡಿ ಹಾಕುವ ಕಥೆ ನಮ್ಮ ಜಿಲ್ಲೆಗೆ ಹೊಸದಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮನುಷ್ಯ ಕೆಲಸ ಮಾಡಬೇಕಾದರೆ ಮೇಲಿನಿಂದ ತಣ್ಣಗೆ ಮಾಡಿದ ಗಾಳಿ ಊದಬೇಕು. ಆರಂಭದ ದಿನಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ಮೀರಿ ಚಿನ್ನ ಸಿಕ್ಕರೆ, ಕೊನೆಕೊನೆಗೆ 3 ಗ್ರಾಂ ಆಸುಪಾಸು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಳಗೆ ಚಿನ್ನ ಮುಗಿದಿರಲಿಲ್ಲ. ಒಂದು ಗ್ರಾಂ ಮೇಲೆ ತರಲು ಬೇಕಾದ ಗಾಳಿ, ಕರೆಂಟು, ಜೀವದ ಬೆಲೆ ಚಿನ್ನದ ಬೆಲೆಯನ್ನು ಮೀರಿತ್ತು, ಅಷ್ಟೇ. ಚಿಪ್ ಲೋಕವೂ 2004ರಲ್ಲಿ ಇಂಥದೇ ಆಳಕ್ಕೆ ಇಳಿದಿತ್ತು. ಟ್ರಾನ್ಸಿಸ್ಟರ್ ಇನ್ನೂ ಸಿಗುತ್ತಿದ್ದವು, ಅವನ್ನೆಲ್ಲ ಒಟ್ಟಿಗೆ ಪೂರ್ತಿ ವೇಗದಲ್ಲಿ ಓಡಿಸಲು ಮಾತ್ರ ಆಗುತ್ತಿರಲಿಲ್ಲ. ಇವತ್ತಿಗೂ ನಿಮ್ಮ ಫೋನಿನ ಚಿಪ್‌ನಲ್ಲಿ ಒಂದು ದೊಡ್ಡ ಭಾಗ ಯಾವ ಕ್ಷಣದಲ್ಲಿ ನೋಡಿದರೂ ದೀಪ ಆರಿಸಿ ಮಲಗಿರುತ್ತದೆ.

ಹೆಚ್ಚುವರಿ ಟ್ರಾನ್ಸಿಸ್ಟರುಗಳನ್ನು ಏನು ಮಾಡುವುದು? 2005ರಿಂದ ಸಿಕ್ಕ ಉತ್ತರ, ಒಂದರ ಬದಲು ಎರಡು ಮಿದುಳು, ಕೋರ್ ಎನ್ನುತ್ತಾರೆ. ಆಮೇಲೆ ನಾಲ್ಕು, ಎಂಟು. ಗೆಳೆಯರ ಹಳೇ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕೋರ್ ಇದ್ದರೆ ಹೊಸದರಲ್ಲಿ ಹತ್ತಿವೆ. ಇಲ್ಲಿಯೇ ಅವರಿಗೆ ನಾನು ಅವರ ಮಂಡಿಯ ಲೆಕ್ಕವನ್ನೇ ಹಾಕಿ ತೋರಿಸಿದ್ದು.

ಒಂದು ಲೋಡು ಬಂತು ಎನ್ನಿ. ಒಬ್ಬನೇ ಹಮಾಲಿ ಕ್ರೇಟು ಇಳಿಸಿ ಜೋಡಿಸಲು 90 ನಿಮಿಷ, ಹರಾಜು ಕೂಗಿ ಮುಗಿಸಲು 10 ನಿಮಿಷ. ಒಟ್ಟು 100. ಹತ್ತು ಹಮಾಲಿಗಳನ್ನು ಹಾಕಿದರೆ ಇಳಿಸುವುದು 9 ನಿಮಿಷಕ್ಕೆ ಬಂತು, ಹರಾಜಿಗೆ ಮತ್ತೆ 10. ಒಟ್ಟು 19 ನಿಮಿಷ. ಹತ್ತು ಪಟ್ಟು ಕೂಲಿ ಕೊಟ್ಟರೂ ಸಿಕ್ಕಿದ್ದು ಐದು ಪಟ್ಟು. ನೂರು ಜನ ಹಾಕಿದರೆ ಹತ್ತಿರಹತ್ತಿರ 11 ನಿಮಿಷ. ಸಾವಿರ ಜನ ಬಂದರೂ 10ಕ್ಕಿಂತ ಕೆಳಗೆ ಇಳಿಯದು, ಯಾಕೆಂದರೆ ಹರಾಜು ಕೂಗುವವನು ಒಬ್ಬನೇ. ಇಬ್ಬರು ಒಟ್ಟಿಗೆ ಕೂಗಿದರೆ ಜಗಳವಾಗುತ್ತದೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್‌ಡಾಲ್ 1967ರಲ್ಲಿ ಹೇಳಿದ್ದು ಇದನ್ನೇ, ಹಂಚಿಕೊಳ್ಳಲಾಗದ ಭಾಗವೇ ಕೊನೆಗೆ ವೇಗವನ್ನು ಕಟ್ಟಿಹಾಕುತ್ತದೆ. ವಿಡಿಯೊ ಎಡಿಟ್ ಮಾಡುವವರ ಕೆಲಸ ಬಹುಪಾಲು ಕ್ರೇಟು ಇಳಿಸುವುದು, ಅವರಿಗೆ ಹೊಸ ಚಿಪ್ ಖುಷಿ ಕೊಡುತ್ತದೆ. ಬಿಲ್ಲು, ಎಕ್ಸೆಲ್ಲು, ಬ್ರೌಸರು ಬಹುಮಟ್ಟಿಗೆ ಹರಾಜು.

ನೆನಪಿನ ಸಮಸ್ಯೆ ಬೇರೆ ಇದೆ. ಪ್ರೊಸೆಸರ್ ಓಡಿದಷ್ಟು ವೇಗವಾಗಿ ರ್‍ಯಾಮ್ ಓಡಲಿಲ್ಲ. ರ್‍ಯಾಮ್‌ನಿಂದ ಒಂದು ಅಂಕಿ ತರಿಸಿಕೊಳ್ಳಲು ಇವತ್ತಿಗೂ 80 ನ್ಯಾನೋಸೆಕೆಂಡಿನ ಆಸುಪಾಸು ಬೇಕು. 4 ಗಿಗಾಹರ್ಟ್ಸ್ ಚಿಪ್‌ಗೆ ಅದು ಮುನ್ನೂರಕ್ಕೂ ಹೆಚ್ಚು ಮಿಡಿತ ಕೈಕಟ್ಟಿ ಕೂರುವ ಹೊತ್ತು, ಲಾರಿ ಬಾರದ ಮಂಡಿಯ ಹಾಗೆ. ಅದಕ್ಕೇ ಚಿಪ್‌ನ ಒಳಗೇ ಒಂದು ಪುಟ್ಟ ಗೋದಾಮು ಇಟ್ಟಿರುತ್ತಾರೆ, ಕ್ಯಾಶ್ ಎನ್ನುತ್ತಾರೆ.

ಈಗ ನ್ಯಾನೋಮೀಟರ್, ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು, ಎಂಬ ಮಾತಿಗೆ ಬರೋಣ, ಜಾಹೀರಾತಿನ ಗುಳ್ಳೆ ಹೆಚ್ಚು ಇರುವುದು ಇಲ್ಲೇ. 7, 5, 3 ನ್ಯಾನೋಮೀಟರ್ ಎಂದರೆ ಟ್ರಾನ್ಸಿಸ್ಟರ್ ಅಷ್ಟು ಚಿಕ್ಕದು ಎಂದು ನಾವು ನಂಬುತ್ತೇವೆ. ಹಿಂದೆ ಆ ಅಂಕಿಗೂ ಚಿಪ್‌ನ ಒಳಗಿನ ಅಳತೆಗೂ ಸಂಬಂಧ ಇತ್ತು. ಈಗ ಅದು ಎಮ್ಮೆಗೆ ಇಟ್ಟ ಹೆಸರಿನಂತೆ. "3 ನ್ಯಾನೋಮೀಟರ್" ಚಿಪ್‌ನಲ್ಲಿ ಪಕ್ಕಪಕ್ಕದ ಎರಡು ನಲ್ಲಿಗಳ ನಡುವಿನ ಅಂತರ ನಲವತ್ತಕ್ಕೂ ಹೆಚ್ಚು ನ್ಯಾನೋಮೀಟರ್. 2021ರಲ್ಲಿ ಇಂಟೆಲ್ ತನ್ನ 10 ನ್ಯಾನೋಮೀಟರ್ ತಂತ್ರದ ಸುಧಾರಿತ ರೂಪಕ್ಕೆ "ಇಂಟೆಲ್ 7" ಎಂದು ಹೆಸರಿಟ್ಟಿತು. ಗೆಳೆಯರ ಹೊಸ ಚಿಪ್ ತಯಾರಾದದ್ದು ಅದರಲ್ಲೇ. ಹಳೆಯದು 14 ನ್ಯಾನೋಮೀಟರ್. 2014ರಲ್ಲಿ ಮಾರುಕಟ್ಟೆಗೆ ಬಂದ ಆ 14ರಲ್ಲಿ ಇಂಟೆಲ್ ಎಷ್ಟು ಕಾಲ ಸಿಕ್ಕಿಬಿದ್ದಿತ್ತೆಂದರೆ 2021ರ ಡೆಸ್ಕ್‌ಟಾಪ್ ಚಿಪ್ಪೂ ಅದರಲ್ಲೇ ಬಂತು. ಅಲ್ಲಿಗೆ ಲೆಕ್ಕ ಹಾಕಿ: ಐದು ತಲೆಮಾರು ಎಂದು ಸ್ಟಿಕ್ಕರ್ ಹೇಳಿದರೂ ಗೆಳೆಯರು ಹತ್ತಿದ್ದು ತಯಾರಿಕೆಯ ಒಂದೇ ಮೆಟ್ಟಿಲು.

ಆ ಒಂದು ಮೆಟ್ಟಿಲೇ ಯಾಕೆ ಅಷ್ಟು ಕಷ್ಟ? ಬೋರ್‌ವೆಲ್ ಕೊರೆಸಿದವರಿಗೆ ಗೊತ್ತು, ಆಳ ಹೋದಷ್ಟೂ ಅಡಿಯ ರೇಟೇ ಏರುತ್ತದೆ. ಮೊದಲ 300 ಅಡಿಗೆ ಒಂದು ದರ, ಸಾವಿರ ದಾಟಿದ ಮೇಲೆ ಬೇರೆಯೇ ದರ, ನೀರು ಮಾತ್ರ ಕಡಿಮೆ. ಸಿಲಿಕಾನ್ ಮೇಲೆ ಗೆರೆ ಎಳೆಯುವುದು ಬೆಳಕಿನಿಂದ. ಗೆರೆ ಸಣ್ಣದಾದಷ್ಟೂ ಬೆಳಕಿನ ಅಲೆಯೂ ಸಣ್ಣದಾಗಬೇಕು. ಈಗ ಬಳಸುವುದು 13.5 ನ್ಯಾನೋಮೀಟರ್ ಅಲೆಯ ಬೆಳಕು, ಅದು ಸುಮ್ಮನೆ ಬಲ್ಬಿನಿಂದ ಬರುವುದಿಲ್ಲ. ಕರಗಿದ ತವರದ ಹನಿಗಳನ್ನು ಸೆಕೆಂಡಿಗೆ 50,000ದಂತೆ ಉದುರಿಸಿ, ಒಂದೊಂದು ಹನಿಗೂ ಲೇಸರಿನಿಂದ ಹೊಡೆದು, ಅದು ಉರಿದಾಗ ಹೊಮ್ಮುವ ಬೆಳಕನ್ನು ಕನ್ನಡಿಗಳಲ್ಲಿ ಹಿಡಿಯುತ್ತಾರೆ. ಗಾಳಿ ಕೂಡ ಆ ಬೆಳಕನ್ನು ನುಂಗುವುದರಿಂದ ಇಡೀ ಕೆಲಸ ನಿರ್ವಾತದಲ್ಲಿ ನಡೆಯಬೇಕು. ಈ ಯಂತ್ರ ಮಾಡುವುದು ಜಗತ್ತಿನಲ್ಲಿ ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಒಂದೇ. ಬೆಲೆ ಒಂದಕ್ಕೆ ಸಾವಿರ ಕೋಟಿ ರೂಪಾಯಿ ಮೀರುತ್ತದೆ. ನನಗಂತೂ ಇದನ್ನು ಓದಿದಾಗ ಚಿಪ್ ಯಾಕೆ ನಿಧಾನವಾಯಿತು ಎನ್ನುವುದಕ್ಕಿಂತ, ಇಷ್ಟಾದರೂ ಹೇಗೆ ನಡೆಯುತ್ತಿದೆ ಎನ್ನುವುದೇ ಆಶ್ಚರ್ಯ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ತೈವಾನಿನ ಟಿಎಸ್‌ಎಂಸಿ ತಾನೇ ಹೇಳಿಕೊಂಡಿರುವ ಲೆಕ್ಕ: 3 ನ್ಯಾನೋಮೀಟರಿನಿಂದ 2ಕ್ಕೆ ಹೋದರೆ ಅಷ್ಟೇ ಕರೆಂಟಿಗೆ ವೇಗ ಶೇ 10ರಿಂದ 15 ಹೆಚ್ಚು, ಇಲ್ಲವೇ ಅಷ್ಟೇ ವೇಗಕ್ಕೆ ಕರೆಂಟು ಶೇ 25ರಿಂದ 30 ಕಡಿಮೆ. "ಇಲ್ಲವೇ" ಎನ್ನುವ ಪದವನ್ನು ಗಮನಿಸಿ. ಡೆನಾರ್ಡ್ ಕಾಲದಲ್ಲಿ ಅದು "ಮತ್ತು" ಆಗಿತ್ತು. ಇನ್ನೊಂದು ಕಿರಿಕಿರಿ, ಆ ಪುಟ್ಟ ಗೋದಾಮು, ಕ್ಯಾಶ್, ಕಿರಿದಾಗುವುದನ್ನೇ ಬಿಟ್ಟಿತು. 5ರಿಂದ 3 ನ್ಯಾನೋಮೀಟರಿಗೆ ಬಂದಾಗ ಅದರ ಒಂದು ಕೋಶ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿ ಉಳಿಯಿತು.

ಕೋಲಾರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನರಸಾಪುರ ಸಿಗುತ್ತದೆ. ಅಲ್ಲಿನ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಾರೆ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳನ್ನು ಶಿಫ್ಟಿಗೆ ಕರೆದೊಯ್ಯುವ ಬಸ್ಸುಗಳನ್ನು ದಿನಾ ನೋಡುತ್ತೇವೆ. ಚಿಪ್ ಅಲ್ಲಿ ತಯಾರಾಗುವುದಿಲ್ಲ, ಬಹುಪಾಲು ತೈವಾನಿನಿಂದ ಬರುತ್ತದೆ. ಆ ಚಿಪ್‌ಗಳ ಸರಣಿಯನ್ನೇ ನೋಡಿ. 2013ರಲ್ಲಿ ಎ7 ಬಂದಾಗ ಹಿಂದಿನದಕ್ಕಿಂತ ಎರಡು ಪಟ್ಟು ವೇಗ ಎಂದು ಆಪಲ್ ಹೇಳಿತು. ಹತ್ತು ವರ್ಷದ ಮೇಲೆ ಎ17 ಪ್ರೊ ಬಂತು, ಹಿಂದಿನದಕ್ಕಿಂತ 300 ಕೋಟಿ ಟ್ರಾನ್ಸಿಸ್ಟರ್ ಹೆಚ್ಚು, ಹೊಚ್ಚ ಹೊಸ 3 ನ್ಯಾನೋಮೀಟರ್ ತಂತ್ರ. ಪ್ರೊಸೆಸರಿನ ವೇಗ ಹೆಚ್ಚಿದ್ದು ಶೇ 10ರವರೆಗೆ, ಅದೂ ಅವರದೇ ಬಾಯಲ್ಲಿ.

ಬೇರೆಯವರದೂ ಇದೇ ಪಾಡು. 2024ರ ಕೊನೆಗೆ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಚಿಪ್‌ಗಳು ಹಲವು ಗೇಮ್‌ಗಳಲ್ಲಿ ತಮ್ಮ ಹಿಂದಿನ ತಲೆಮಾರಿಗಿಂತ ಹಿಂದೆ ಬಿದ್ದವು, ಕರೆಂಟು ಮಾತ್ರ ಉಳಿಸಿದವು. ಎನ್‌ವಿಡಿಯಾದ 5090 ಗ್ರಾಫಿಕ್ಸ್ ಕಾರ್ಡ್ 4090ಕ್ಕಿಂತ ಸರಾಸರಿ ಶೇ 30ರಷ್ಟು ಮುಂದೆ, ಆದರೆ 450 ವಾಟ್ ಬೇಡುತ್ತಿದ್ದದ್ದು 575ಕ್ಕೆ ಏರಿತು. ಅಂದರೆ ಬಹುಪಾಲು ವೇಗ ಬಂದದ್ದು ಬೆಸ್ಕಾಂ ಮೀಟರಿನಿಂದ. ಹೊಸ ಚಿಪ್‌ನ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ವಾಟ್ ಎಷ್ಟು ಎಂದು.

ಹಾಗಾದರೆ ಎಐ ಚಿಪ್‌ಗಳು ಹೇಗೆ ಅಷ್ಟು ಓಡುತ್ತಿವೆ ಎಂದು ಕೇಳಬಹುದು. ಅವು ಎಲ್ಲ ಕೆಲಸವನ್ನೂ ಮಾಡುವುದಿಲ್ಲ, ಅದೇ ಗುಟ್ಟು. ಅಂಕಿಗಳ ದೊಡ್ಡ ಕೋಷ್ಟಕಗಳನ್ನು ಗುಣಿಸುವ ಒಂದೇ ಕೆಲಸಕ್ಕೆ ಸಾವಿರಾರು ಹಮಾಲಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಹರಾಜು ಹತ್ತಿರಹತ್ತಿರ ಇಲ್ಲವೇ ಇಲ್ಲ. ಅಂಕಿಗಳನ್ನೂ ಒರಟಾಗಿಸಿದ್ದಾರೆ, 32 ಬಿಟ್ ಜಾಗದಲ್ಲಿ 8, ಈಗ 4. ಫೋನಿನ ಚಿಪ್‌ನ ಒಳಗೇ ಕ್ಯಾಮೆರಾಕ್ಕೆ, ವಿಡಿಯೊಕ್ಕೆ ಬೇರೆಬೇರೆ ಪುಟ್ಟ ಭಾಗ ಇಟ್ಟಿರುವುದೂ ಇದೇ ಜಾಣತನ. ಎಎಂಡಿ 2022ರಲ್ಲಿ ಕ್ಯಾಶ್ ಗೋದಾಮನ್ನು ಪ್ರೊಸೆಸರಿನ ಮೇಲೆ ಮಹಡಿಯಾಗಿ ಕಟ್ಟಿತು, ಗೇಮ್ ಆಡುವವರು ಕುಣಿದರು. ಇಂಥ ಉಪಾಯಗಳು ಒಂದೊಂದು ಸಲ ಒಂದೊಂದು ಕೆಲಸಕ್ಕೆ ಆಗುತ್ತವೆ. ಎಲ್ಲರಿಗೂ ಎಲ್ಲ ಕೆಲಸಕ್ಕೂ ಎರಡು ವರ್ಷಕ್ಕೊಮ್ಮೆ ತಾನಾಗಿ ಸಿಗುತ್ತಿದ್ದ ವೇಗ ಇವುಗಳಿಂದ ಸಿಗುವುದಿಲ್ಲ.

ಇನ್ನೂ ಮುಟ್ಟದ ಒಂದು ನಿಧಿ ಇದೆ, ಅದು ಸಾಫ್ಟ್‌ವೇರ್. ಎಂಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 4,096 ಸಾಲು ಕಂಬಗಳ ಎರಡು ಕೋಷ್ಟಕ ಗುಣಿಸುವ ಪ್ರೋಗ್ರಾಂ ಅನ್ನು ಪೈಥಾನ್‌ನಲ್ಲಿ ಸರಳವಾಗಿ ಬರೆದಾಗ ಏಳು ಗಂಟೆ ಹಿಡಿಯಿತು. ಅದೇ ಯಂತ್ರದಲ್ಲಿ, ಸಿ ಭಾಷೆಗೆ ಬದಲಾಯಿಸಿ, ಕೋರ್‌ಗಳಿಗೆ ಹಂಚಿ, ಕ್ಯಾಶ್‌ಗೆ ಹೊಂದುವಂತೆ ತಿದ್ದಿತೀಡಿದ ಮೇಲೆ 0.41 ಸೆಕೆಂಡ್. ಅರವತ್ತು ಸಾವಿರ ಪಟ್ಟಿಗೂ ಹೆಚ್ಚು, ಒಂದು ಸ್ಕ್ರೂ ಕೂಡ ಬದಲಾಯಿಸದೆ. ಮೂವತ್ತು ವರ್ಷ ಚಿಪ್ಪೇ ಸರಿಮಾಡುತ್ತದೆ ಎಂದು ನಾವು ಬಿಟ್ಟ ಕಸ ಇದು.

ಗೆಳೆಯರ ಲ್ಯಾಪ್‌ಟಾಪ್ ವಿಷಯ. ಒಂದು ಮಧ್ಯಾಹ್ನ ಹರಾಜು ಮುಗಿದ ಮೇಲೆ ಹೋಗಿ ಕೂತೆ. ಬಿಲ್ ಒತ್ತಿದಾಗಲೆಲ್ಲ ಎಂಟು ಸೆಕೆಂಡ್ ಸುಮ್ಮನೆ ನಿಲ್ಲುತ್ತಿತ್ತು, ಎಣಿಸಿ ಎಂಟು. ಪ್ರೊಸೆಸರ್ ಆ ಹೊತ್ತಿನಲ್ಲಿ ಏನೂ ಮಾಡುತ್ತಿರಲಿಲ್ಲ, ಶೇ 2 ಕೆಲಸ. ಹುಡುಕುತ್ತ ಹೋದರೆ, ಮೂರು ವರ್ಷದ ಹಿಂದೆ ಕೆಟ್ಟು ಗುಜರಿಗೆ ಹಾಕಿದ ಒಂದು ಪ್ರಿಂಟರ್‌ನ ಹೆಸರು ಬಿಲ್ಲಿಂಗ್ ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಹಾಗೇ ಕೂತಿತ್ತು. ಪ್ರತಿ ಬಿಲ್ಲಿಗೂ ಅದು ಆ ಸತ್ತ ಪ್ರಿಂಟರನ್ನು ಕರೆದು, ಉತ್ತರಕ್ಕೆ ಎಂಟು ಸೆಕೆಂಡ್ ಕಾದು, ಆಮೇಲೆ ಮುಂದೆ ಹೋಗುತ್ತಿತ್ತು. ಹಳೇ ಲ್ಯಾಪ್‌ಟಾಪಿನಿಂದ ಸೆಟ್ಟಿಂಗ್ ಸಮೇತ ಹೊಸದಕ್ಕೆ ಎತ್ತಿ ಹಾಕಿಕೊಟ್ಟವನು ನಾನೇ.

ಹೆಸರು ಅಳಿಸಿದೆ. ಬಿಲ್ ತಟ್ಟನೆ ಬಂತು. ಅವರು ಎದ್ದು ಹೋಗಿ ಬೀರುವಿನಿಂದ ಹಳೇ ಲ್ಯಾಪ್‌ಟಾಪ್ ತಂದು ಮುಂದೆ ಇಟ್ಟರು. ಅದರಲ್ಲೂ ಅಳಿಸಿದೆ, ಅಲ್ಲೂ ತಟ್ಟನೆ ಬಂತು. ಸ್ವಲ್ಪ ಹೊತ್ತು ಎರಡನ್ನೂ ನೋಡಿ, ಹೊಸದನ್ನು ಮಡಚಿ ಬ್ಯಾಗಿಗೆ ಹಾಕಿದರು. ಈಗ ಅದು ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುವ ಅವರ ಮಗಳ ಹತ್ತಿರ ಇದೆ. ಮಂಡಿಯಲ್ಲಿ ಎಂಟನೇ ತಲೆಮಾರೇ ನಡೆಯುತ್ತಿದೆ.